ಮಗಳಿಗೆ ಬಂದೂಕು ಕೊಡುವ ಮುನ್ನ

ಬಡಗಿ ಮೇಸ್ತ್ರಿಗೆ ಕಣ್ಣು ಮಂಜಾಗಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಒಪ್ಪಿಕೊಳ್ಳದೆ ಇದ್ದವನು ಅವನೊಬ್ಬನೇ. ಗೆರೆ ಎಳೆದಲ್ಲಿ ಬಿಟ್ಟು ಪಕ್ಕದಲ್ಲಿ ಕೊಯ್ದರೆ, "ಮರವೇ ಸೊಟ್ಟ" ಅನ್ನುತ್ತಿದ್ದ. ಕೊನೆಗೆ ಒಂದು ದಿನ ಮೊಳೆಗೆ ಬೀಳಬೇಕಾದ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಊದಿದ ಬೆರಳನ್ನು ಎತ್ತಿ ಹಿಡಿದು, "ಸಾಕು, ಕೆಲಸ ಬಿಡ್ತೀನಿ" ಅಂದ.

"ಅದನ್ನ ಬೆರಳೇ ಬಂದು ಹೇಳಬೇಕಿತ್ತಾ? ನಾನು ಹೇಳಿದ್ದು ಸಾಲದಾಗಿತ್ತಾ?" ಅಂದಳು ಹೆಂಡತಿ.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಕೆಲಸ ಬಿಡುವವನು ಎಲ್ಲರನ್ನೂ ಊಟಕ್ಕೆ ಕರೆದು ತನ್ನ ಹತಾರಗಳನ್ನು ಕೈಯಾರೆ ಹಂಚಬೇಕು. ಕೊಟ್ಟವನು ವಾಪಸು ಕೇಳುವಂತಿಲ್ಲ, ಪಡೆದವರು ಬೇಡ ಅನ್ನುವಂತಿಲ್ಲ. ತನ್ನ ಅಪ್ಪ ಹಾಗೆ ಕೊಟ್ಟ ಉಳಿಗಳಿಂದಲೇ ಮೇಸ್ತ್ರಿ ಊರಿನ ಅರ್ಧ ಕಿಟಕಿಗಳನ್ನು ಮಾಡಿದ್ದ.

ಮಗ ಅದೇ ಕೆಲಸದಲ್ಲಿದ್ದ, ಅವನಿಗೆ ಏನು ಕೊಡಬೇಕು ಎಂಬ ಯೋಚನೆ ಇರಲಿಲ್ಲ. ಯೋಚನೆ ಇದ್ದದ್ದು ಮಗಳದ್ದು. ಅವಳು ಕಾಡಿನ ಅಂಚಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದಳು. ಹಂದಿಗಳು ಬಂದು ಹೊಲವನ್ನು ಉತ್ತು ಹೋಗುತ್ತಿದ್ದವು. "ನಾನು ಒಂದು ಸಲ ಉಳ್ತೀನಿ, ಅವು ಎರಡು ಸಲ ಉಳ್ತಾವೆ" ಎಂದು ಫೋನಿನಲ್ಲಿ ನಗುತ್ತಲೇ ಹೇಳಿದ್ದಳು. ಆ ನಗು ಎಂಥದ್ದು ಎಂದು ಅಪ್ಪನಿಗೆ ಗೊತ್ತಾಗಿತ್ತು.

ಮೇಸ್ತ್ರಿಯ ಬೀರುವಿನಲ್ಲಿ ಒಂದು ಬಂದೂಕು ಇತ್ತು. ಹಿತ್ತಲ ಆಚೆ ಜೋಳ ಬೆಳೆಯುತ್ತಿದ್ದ ಕಾಲದಲ್ಲಿ ಲೈಸೆನ್ಸ್ ಮಾಡಿಸಿ ತಂದದ್ದು. ಈಗ ಅಲ್ಲಿ ಮನೆಗಳು ಎದ್ದಿದ್ದವು. ಬಂದೂಕಿಗೆ ಎಣ್ಣೆ ಹಚ್ಚುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಮೇಸ್ತ್ರಿ ಗುಟ್ಟಾಗಿ ಒಳ್ಳೆಯ ಹಲಗೆ ಆರಿಸಿ, ಬಂದೂಕಿಗೆ ಅಳತೆಯಾದ ಪೆಟ್ಟಿಗೆ ಮಾಡಿದ. ಒಳಗೆ ಹಸಿರು ಬಟ್ಟೆ ಅಂಟಿಸಿದ. ಮುಚ್ಚಳ ಸ್ವಲ್ಪ ಓರೆಯಾಯಿತು. "ಮರವೇ ಸೊಟ್ಟ" ಅಂದುಕೊಂಡ.

ಭಾನುವಾರ ಎಲ್ಲರೂ ಸೇರಿದರು. ಸೊಸೆ ಮಾತ್ರ ಬಂದಿರಲಿಲ್ಲ. ಅವಳು ಠಾಣೆಯಲ್ಲಿ ಪೇದೆ, ಡ್ಯೂಟಿ ಮುಗಿಸಿ ಬರಬೇಕಿತ್ತು. ಊಟವಾದ ಮೇಲೆ ಮೇಸ್ತ್ರಿ ಹಂಚಲು ಕೂತ. ಗರಗಸ, ಉಜ್ಜುಗೊರಡು, ಬೈರಿಗೆ ಮಗನಿಗೆ ಹೋದವು. ಸಾಣೆಕಲ್ಲು ಹೆಂಡತಿಗೆ.

"ಅಮ್ಮನ ನಾಲಿಗೆಗೆ ಸಾಣೆ ಬೇರೆ ಬೇಕಾ?" ಅಂದ ಮಗ.

"ಬೇಕು. ನಿಮ್ಮಪ್ಪನ ಕಿವಿ ಮೊಂಡಾಗಿದೆ" ಅಂದಳು ತಾಯಿ.

ಕೊನೆಗೆ ಮೇಸ್ತ್ರಿ ಉದ್ದನೆಯ ಪೆಟ್ಟಿಗೆಯನ್ನು ಮಗಳ ಮಡಿಲಲ್ಲಿ ಇಟ್ಟ. ಅವಳು ಮುಚ್ಚಳ ತೆಗೆದು, "ಅಯ್ಯೋ ಅಪ್ಪಾ!" ಎಂದು ಕೂಗಿದಳು. ಎದ್ದು ನಿಂತು, ಬಂದೂಕು ಭುಜಕ್ಕೆ ಏರಿಸಿ, ಬಾಗಿಲ ಕಡೆ ಗುರಿ ಹಿಡಿದಳು. ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಸೊಸೆ ಒಳಗೆ ಬಂದಳು.

"ನಾದಿನಿಗೆ ನನ್ನ ಮೇಲೆ ಸಿಟ್ಟಿದೆ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ" ಅಂದಳು ಸೊಸೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಳಿಗೆ ನೆಲಕ್ಕೆ ಮಾಡು. ಕೊಡು ಇಲ್ಲಿ." ಬಂದೂಕು ತೆರೆದು ನೋಡಿದಳು. ಖಾಲಿ ಇತ್ತು. ಆಮೇಲೆ ಉಸಿರು ಬಿಟ್ಟು ಕೇಳಿದಳು, "ಏನಿದು, ಮಾವ?"

"ಮಗಳಿಗೆ ಕೊಟ್ಟೆ. ಸಂಜೆ ಬಸ್ಸಿಗೆ ತಗೊಂಡು ಹೋಗ್ತಾಳೆ."

"ನಾನು ಸೊಸೆಯಾಗಿ ಮಾತಾಡಲಾ, ಪೇದೆಯಾಗಿ ಮಾತಾಡಲಾ?"

"ಊಟ ಮಾಡಿಲ್ಲ ನೀನು. ಸೊಸೆಯಾಗೇ ಮಾತಾಡು."

"ಹಾಗಾದ್ರೆ ಹೇಳ್ತೀನಿ. ಈ ಬಂದೂಕು ಇವಳ ಜೊತೆ ಹೊಸಿಲು ದಾಟಿದ್ರೆ ಅದು ಅಪರಾಧ."

ಮೇಸ್ತ್ರಿಗೆ ರೇಗಿತು. "ಯಾಕೆ? ಕದ್ದದ್ದಾ? ಲೈಸೆನ್ಸ್ ಇದೆ."

"ಇದೆ. ನಿಮ್ಮ ಹೆಸರಲ್ಲಿ. ಇವಳ ಹೆಸರಲ್ಲಿ ಇದೆಯಾ?"

"ಅವಳು ನನ್ನ ಮಗಳು ಕಣಮ್ಮ!"

"ಚಿಕ್ಕಮಾವ ಬಸ್ ಓಡಿಸ್ತಾರಲ್ಲ. ಅವರ ಲೈಸೆನ್ಸ್ ಜೇಬಲ್ಲಿಟ್ಕೊಂಡು ಅವರ ಮಗ ಬಸ್ ಓಡಿಸಿದ್ರೆ ನೀವು ಹತ್ತುತ್ತೀರಾ?"

"ಅವನು ಓಡಿಸಿದ್ರೆ ನಾನು ಊರೇ ಬಿಡ್ತೀನಿ."

"ಇದೂ ಹಾಗೇ. ಲೈಸೆನ್ಸ್ ಕೊಡೋದು ಮನುಷ್ಯನನ್ನು ನೋಡಿ. ಬಂದೂಕಿನ ಜೊತೆ ಅದು ಕೈ ಬದಲಾಯಿಸಲ್ಲ."

"ಮಾರಿದ್ರೆ ಅದು ಬೇರೆ ಮಾತು. ನಾನು ಒಂದು ಕಾಸು ತಗೊಂಡಿಲ್ಲ. ಇದು ಉಡುಗೊರೆ."

"ದುಡ್ಡು ಬಂತಾ ಅಂತ ಕಾನೂನು ಕೇಳಲ್ಲ, ಮಾವ. ಬಂದೂಕು ಯಾರ ಕೈಗೆ ಹೋಯ್ತು ಅಂತ ಕೇಳುತ್ತೆ."

ಮಗಳು ನಡುವೆ ಬಾಯಿ ಹಾಕಿದಳು. "ಅತ್ತಿಗೆ, ಹಂದಿ ಕಾನೂನು ನೋಡ್ಕೊಂಡು ಬರುತ್ತಾ? ಈ ಸಲದ ಬೆಳೆ ಹೋದ್ರೆ ನನಗೆ ಏನೂ ಉಳಿಯಲ್ಲ."

"ಬಸ್ಸಿನಲ್ಲಿ ಯಾರಾದ್ರೂ ಚೀಲ ಬಿಚ್ಚಿ ನೋಡಿದ್ರೆ? ನಿನ್ನ ಮೇಲೂ ಕೇಸು, ಅಪ್ಪನ ಮೇಲೂ ಕೇಸು. ಬಂದೂಕು ಜಪ್ತಿ ಆಗುತ್ತೆ. ಮುಂದೆ ನಿಜವಾಗಿ ಲೈಸೆನ್ಸ್ ಕೇಳಿದಾಗ ಆ ಕೇಸು ಎದುರಿಗೆ ನಿಲ್ಲುತ್ತೆ. ನೀನು ಕೋರ್ಟಿಗೆ ಅಲೀತಾ ಇರ್ತೀಯ, ಹಂದಿ ಹೊಲದಲ್ಲಿ ಆರಾಮಾಗಿರುತ್ತೆ. ಇನ್ನೊಂದು ಮಾತು, ಬಂದೂಕಿದೆ ಅಂತ ಪ್ರಾಣಿ ಕೊಲ್ಲೋ ಹಕ್ಕು ಬರಲ್ಲ. ಅದಕ್ಕೆ ಅರಣ್ಯದವರನ್ನ ಬೇರೆಯಾಗಿ ಕೇಳಬೇಕು."

ಮಗಳ ಮುಖದಲ್ಲಿ ನಗು ಆರಿತು. ಮೇಸ್ತ್ರಿ ಅದನ್ನು ನೋಡಿದ. ಇಷ್ಟು ದಿನ ಪೆಟ್ಟಿಗೆ ಉಜ್ಜುತ್ತ ಅವಳ ಸಂತೋಷವನ್ನು ಮಾತ್ರ ಕಂಡಿದ್ದ. ಬಸ್ಸಿನಲ್ಲಿ ಪೊಲೀಸರು ಅವಳ ಚೀಲ ಬಿಚ್ಚುವುದು ಈಗ ಕಣ್ಣಿಗೆ ಕಟ್ಟಿತು. ಮಂಜು ಕಣ್ಣಿಗೂ ಅದು ಚೆನ್ನಾಗಿಯೇ ಕಂಡಿತು.

ಆದರೂ ಒಂದು ಮಾತು ಅವನನ್ನು ಬಿಡಲಿಲ್ಲ. "ಕೈಯಾರೆ ಕೊಟ್ಟಾಯ್ತು. ನಮ್ಮಪ್ಪ ಯಾವತ್ತೂ ಕೊಟ್ಟಿದ್ದನ್ನ ಇಸ್ಕೊಂಡಿಲ್ಲ. ನಾನು ಹೇಗೆ ಇಸ್ಕೊಳ್ಳಲಿ?"

ಸೊಸೆಗೆ ಕಾನೂನು ಗೊತ್ತಿತ್ತು, ಆದರೆ ಈ ಗಂಟು ಬಿಡಿಸುವುದು ಗೊತ್ತಿರಲಿಲ್ಲ.

ಬಿಡಿಸಿದವಳು ಮಗಳು. "ಅಪ್ಪಾ, ನೀನು ಕೊಟ್ಟಿದ್ದು ಪೆಟ್ಟಿಗೆ. ಅದನ್ನ ನಾನು ಕೊಡಲ್ಲ. ಬಂದೂಕನ್ನ ನೀನು ಅದರೊಳಗೆ ಮರೆತುಬಿಟ್ಟಿದ್ದೆ. ನಿನಗೆ ಕಣ್ಣು ಬೇರೆ ಕಾಣಲ್ಲ."

ತನ್ನ ಕಣ್ಣಿನ ವಿಷಯಕ್ಕೆ ಮೇಸ್ತ್ರಿ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಕೆಮ್ಮು ಬಂತು. "ಖಾಲಿ ಪೆಟ್ಟಿಗೆ ಏನು ಮಾಡ್ತೀಯ?"

"ಬಿತ್ತನೆ ಆಲೂಗಡ್ಡೆ ತುಂಬ್ತೀನಿ. ಹಸಿರು ಬಟ್ಟೆ ಮೇಲೆ ಮಲಗೋ ಆಲೂಗಡ್ಡೆ ಯಾರ ಮನೇಲಿದೆ?"

ಮಾರನೆಯ ಬೆಳಗ್ಗೆ ಮೇಸ್ತ್ರಿ ತನ್ನ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು, ಖಾಲಿ ಬಂದೂಕನ್ನು ತಾನೇ ಹಿಡಿದು ಠಾಣೆಗೆ ಹೊರಟ. ಸೊಸೆ ಜೊತೆಗೆ ನಡೆದಳು.

"ಭಾರ ಇದೆ, ನೀನು ಸ್ವಲ್ಪ ಹಿಡ್ಕೋ."

"ನನ್ನ ಹೆಸರಲ್ಲೂ ಇಲ್ಲ ಮಾವ."

"ಅಬ್ಬಾ, ನಿನ್ನ ಕಾನೂನೇ!"

ಠಾಣೆಯಲ್ಲಿ ಬಂದೂಕು ಒಪ್ಪಿಸಿ ರಸೀದಿ ಪಡೆದರು. ಹಳೆಯ ಡಬ್ಬಿಯಲ್ಲಿದ್ದ ಗುಂಡಿನ ತೋಟಾಗಳನ್ನು ಮೇಸ್ತ್ರಿ ಮಗಳಿಗೆಂದು ಎತ್ತಿಟ್ಟಿದ್ದ. ತೋಟಾಗಳಿಗೂ ಇದೇ ನಿಯಮ ಎಂದು ಸೊಸೆ ಅವನ್ನೂ ತರಿಸಿದ್ದಳು. ಲೈಸೆನ್ಸ್ ಕೊಡುವ ಕಚೇರಿಗೆ, "ಕಣ್ಣು ಕಾಣುವುದಿಲ್ಲ, ಬಂದೂಕನ್ನು ಮಗಳಿಗೆ ಕೊಡಬೇಕೆಂದಿದ್ದೇನೆ" ಎಂದು ಮೇಸ್ತ್ರಿ ಬರೆದು ಕೊಟ್ಟ. ಮಗಳು ತನ್ನ ಹೆಸರಿಗೆ ಬೇರೆ ಅರ್ಜಿ ಹಾಕಿದಳು.

ಬೇಗ ಆಗಲಿಲ್ಲ. ವೈದ್ಯರು ಅವಳ ಕಣ್ಣು, ಕಿವಿ, ನಿದ್ದೆ ಎಲ್ಲ ವಿಚಾರಿಸಿದರು. ಪೊಲೀಸರು ಅವಳ ಮನೆಗೆ ಬಂದು, ಬಂದೂಕು ಎಲ್ಲಿಡುತ್ತೀ ಎಂದು ಕೇಳಿದರು. ಅಪ್ಪನ ಪೆಟ್ಟಿಗೆಗೆ ಬೀಗ ಇರಲಿಲ್ಲವಾದ್ದರಿಂದ ಗೋಡೆಗೆ ಕಬ್ಬಿಣದ ಬೀರು ಹಾಕಿಸಿದಳು. ಪಕ್ಕದ ಮನೆಯವಳನ್ನು ವಿಚಾರಿಸಿದಾಗ, "ಜಗಳಗಂಟಿ ಸಾರ್, ಆದ್ರೆ ಬಾಯಲ್ಲಿ ಮಾತ್ರ" ಅಂದಳಂತೆ. ಬಂದೂಕು ಹಿಡಿಯುವ ತರಬೇತಿಗೂ ಹೋದಳು. ಅಷ್ಟರವರೆಗೆ ಹೊಲಕ್ಕೆ ತಂತಿಬೇಲಿ ಕಟ್ಟಿ, ಡಬ್ಬಿ ನೇತುಹಾಕಿ ಹೇಗೋ ಬೆಳೆ ಉಳಿಸಿಕೊಂಡಳು. ಎಲ್ಲ ಉಳಿಯಲಿಲ್ಲ. ಮನೆಗೆ ಬೇಕಾದಷ್ಟು, ಮತ್ತೆ ಬಿತ್ತಲು ಸಾಕಾಗುವಷ್ಟು ಉಳಿಯಿತು.

ಲೈಸೆನ್ಸ್ ಬಂದ ದಿನ ಎಲ್ಲರೂ ಠಾಣೆಗೆ ಹೋದರು. ಮೇಸ್ತ್ರಿಯ ಲೈಸೆನ್ಸಿನಲ್ಲಿದ್ದ ಬಂದೂಕು ಮಗಳ ಲೈಸೆನ್ಸಿಗೆ ಸೇರಿತು. ಸಾಹೇಬರು ಸಹಿ ಹಾಕಿ, ಬಂದೂಕನ್ನು ಮೇಜಿನ ಮೇಲಿಟ್ಟು, "ನೀವೇ ಕೊಡಿ ಮೇಸ್ತ್ರಿ" ಅಂದರು.

ಮೇಸ್ತ್ರಿ ಎರಡೂ ಕೈಯಲ್ಲಿ ಎತ್ತಿ, "ಖಾಲಿ ಇದೆ" ಎಂದು ಮಗಳಿಗೆ ಕೊಟ್ಟ. ಅವಳು ಭುಜಕ್ಕೆ ಏರಿಸಲಿಲ್ಲ. ನಳಿಗೆಯನ್ನು ನೆಲದ ಕಡೆ ಮಾಡಿದಳು. ತೆರೆದು, ಒಳಗೆ ತೋಟಾ ಇಲ್ಲವೆಂದು ಬೆರಳಿಟ್ಟು ನೋಡಿದಳು.

"ಖಾಲಿ ಇದೆ ಅಂತ ನಾನು ಹೇಳಲಿಲ್ವಾ? ಅಪ್ಪನ ಮೇಲೂ ನಂಬಿಕೆ ಇಲ್ವಾ?" ಅಂದ ಮೇಸ್ತ್ರಿ.

"ಈ ವಿಷಯದಲ್ಲಿ ಇಲ್ಲ" ಅಂದಳು ಮಗಳು.

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿ, ಠಾಣೆಗೆಲ್ಲ ಕೇಳುವಂತೆ ಹೇಳಿದ: "ನೋಡಿದೆಯಾ? ಸರಿಯಾದವರ ಕೈಗೇ ಕೊಟ್ಟಿದ್ದೀನಿ."

ನಿಮ್ಮ ಮನೆಯಲ್ಲೂ ಒಂದು ಬಂದೂಕು ಇರಬಹುದು. ಅದನ್ನು ಮಗನಿಗೋ, ಮಗಳಿಗೋ, ತಮ್ಮನಿಗೋ ಕೊಡುವ ಆಸೆ ಇರಬಹುದು. ಕೊಡಿ, ಆದರೆ ಲೈಸೆನ್ಸ್ ಅವರ ಹೆಸರಿಗೆ ಬಂದ ಮೇಲೆ ಕೊಡಿ. ಬಂದೂಕು ಇದ್ದವರು ತೀರಿಕೊಂಡಿದ್ದರೆ ಅದನ್ನು ಅಟ್ಟದ ಮೇಲೆ ಬಚ್ಚಿಡಬೇಡಿ. ಕೂಡಲೇ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಠಾಣೆಗೋ ಪರವಾನಗಿ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ನಿಯಮದ ಸಣ್ಣಪುಟ್ಟ ವಿವರಗಳು ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ, ಆದ್ದರಿಂದ ಪಕ್ಕದ ಮನೆಯವರ ಮಾತು ಕೇಳಿ ಹೊರಡಬೇಡಿ, ನಿಮ್ಮ ಠಾಣೆಯಲ್ಲೇ ಕೇಳಿ. ಕೇಳಿದ್ದಕ್ಕೆ ಯಾರೂ ಕೇಸು ಹಾಕುವುದಿಲ್ಲ. ಕೇಳದೆ ಕೊಟ್ಟರೆ, ನೀವು ಪ್ರೀತಿಯಿಂದ ಕೊಟ್ಟ ವಸ್ತುವೇ ನಿಮ್ಮ ಮಕ್ಕಳನ್ನು ಕಟಕಟೆಗೆ ನಿಲ್ಲಿಸುತ್ತದೆ.