ಹಗ್ಗದ ಮುಂದಿನ ತುದಿ

ಅಧಿಕಾರಿ ಸೋಫಾದ ಕೆಳಗೆ ತಲೆ ತೂರಿಸಿದ್ದರು. ಹೊರಗೆ ಉಳಿದ ಅರ್ಧ ಮೈಯನ್ನು ಎಷ್ಟು ಗೌರವದಿಂದ ನೋಡಬೇಕೆಂದು ತಿಳಿಯದೆ ಅವಳು ಗೋಡೆಯ ಗಡಿಯಾರ ನೋಡುತ್ತ ನಿಂತಳು.

“ನಿಂತ್ಕೊಂಡು ನೋಡಿದ್ರೆ ಏನೂ ಕಾಣಲ್ಲ ಮೇಡಂ. ಮಗುವಿನಷ್ಟು ಎತ್ತರಕ್ಕೆ ಇಳೀಬೇಕು,” ಎಂಬ ಮಾತು ಸೋಫಾದ ಕೆಳಗಿನಿಂದ ಬಂತು. ಹಿಂದೆಯೇ ಒಂದು ಕೈ ಬಂತು. ಅಂಗೈಯಲ್ಲಿ ಒಂದು ಬಿಳಿ ಮಾತ್ರೆ.

“ಇದು ಯಾರದು?”

ರಕ್ತದೊತ್ತಡಕ್ಕೆಂದು ಅತ್ತೆಯ ಕೈಗೆ ದಿನಾ ಬೆಳಿಗ್ಗೆ ಅವಳೇ ಕೊಟ್ಟು, ನೀರಿನ ಲೋಟ ಹಿಡಿದು ನಿಂತು ನುಂಗಿಸುತ್ತಿದ್ದ ಮಾತ್ರೆ ಅದು. ನುಂಗಿಸುತ್ತಿದ್ದೇನೆಂದು ಅವಳು ನಂಬಿಕೊಂಡಿದ್ದಳು.

ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. “ಇಲಿ ಎಳ್ಕೊಂಡು ಬಂದಿರಬೇಕು.”

“ಮನೇಲಿ ಇಲಿ ಇದೆಯಾ?” ಅಧಿಕಾರಿ ಎದ್ದು ಕೂತರು.

“ಇಲ್ಲ,” ಎಂದಳು ಅವಳು.

“ಹಾಗಾದ್ರೆ ಮಾತ್ರೆ ಯಾರದು?”

ಅವಳು ಅತ್ತೆಯನ್ನು ನೋಡಿದಳು. ಅತ್ತೆ ಕಿಟಕಿಯನ್ನು ನೋಡಿದರು. ಮೇಜಿನ ಬಳಿ ಪೇಪರು ಓದುತ್ತಿದ್ದ ಗಂಡ ಪುಟ ತಿರುವಿದ. “ನನ್ನದು,” ಎಂದಳು ಅವಳು ಕೊನೆಗೆ. ಅಧಿಕಾರಿ ಏನೋ ಗುರುತು ಹಾಕಿಕೊಂಡು ಮಾತ್ರೆಯನ್ನು ತಮ್ಮ ಚೀಲಕ್ಕೆ ಸೇರಿಸಿದರು.

ಮನೆಯಲ್ಲೇ ಶಿಶುಪಾಲನೆ ನಡೆಸಲು ಪರವಾನಗಿ ಬೇಕೆಂದು ಅವಳು ಅರ್ಜಿ ಹಾಕಿದ್ದಳು. ಇದು ಎರಡನೆಯ ಪರಿಶೀಲನೆ. ಹಿಂದಿನ ಸಲ ಇದೇ ಅಧಿಕಾರಿ ಇದೇ ರೀತಿ ಮನೆ ತುಂಬ ಅಂಬೆಗಾಲಿಟ್ಟು, ಅಡುಗೆಮನೆಗೆ ಗೇಟಿಲ್ಲ, ಔಷಧಿ ಕೈಗೆ ಸಿಗುವ ಜಾಗದಲ್ಲಿದೆ ಎಂದು ಬರೆದು ಹೋಗಿದ್ದರು. ಈ ಸಲವೂ ಇಲ್ಲವೆಂದರೆ ಮತ್ತೆ ಮುಂದಿನ ವರ್ಷವೇ.

ಒಂದು ವರ್ಷ ಕಾಯುವುದು ಅವಳಿಂದ ಸಾಧ್ಯವಿರಲಿಲ್ಲ.

ಅವಳು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದವಳು. ಡಾಕ್ಟರೇಟ್ ಇತ್ತು. ಮೈದುನ ಅದನ್ನು ಬೀದಿಯೆಲ್ಲ ಸಾರಿದ್ದರಿಂದ ಯಾರ್ಯಾರೋ ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಬಂದದ್ದೂ ಇತ್ತು. ಕೊನೆಯ ವರ್ಷ ಅವಳ ತರಗತಿಗೆ ಒಬ್ಬನೇ ವಿದ್ಯಾರ್ಥಿ. ಅವನೂ ಆ ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆಂದು ಬರುತ್ತಿದ್ದ. ಅವನಿಗೆ ಎಚ್ಚರವಾದೀತೆಂದು ಅವಳು ಮೆಲ್ಲಗೆ ಪಾಠ ಮಾಡುತ್ತಿದ್ದಳು. ಮುಂದಿನ ವರ್ಷ ವಿಭಾಗವೇ ಮುಚ್ಚಿತು.

ಆಮೇಲೆ ಶುರುವಾದದ್ದು ಆ ಒಂದು ಮಾತು. ನಲ್ಲಿ ರಿಪೇರಿಯವನು ಬರ್ತಾನೆ, ಹೇಗೂ ಮನೇಲೇ ಇದೀಯಲ್ಲ. ಪಕ್ಕದ ಮನೆಯವರ ಪಾರ್ಸೆಲ್ ಇಸ್ಕೋ, ಹೇಗೂ ಮನೇಲೇ ಇದೀಯಲ್ಲ. ಅತ್ತಿಗೆ, ನನ್ನ ಶರ್ಟು ಇಸ್ತ್ರಿ, ಹೇಗೂ ಮನೇಲೇ ಇದೀರಲ್ಲ. ಅಮ್ಮಾ, ಹೇಗೂ.

ಆ ವಾಕ್ಯವನ್ನು ಅವಳು ತರ್ಕದ ಪ್ರಕಾರ ಹಿಂದೆ ಮುಂದೆ ಮಾಡಿ ನೋಡಿದಳು. ದೋಷ ಸಿಗಲಿಲ್ಲ. ಅವಳು ಮನೆಯಲ್ಲೇ ಇದ್ದಳು. ಅದಕ್ಕೇ ಅದು ಅಷ್ಟು ಉರಿಯುತ್ತಿತ್ತು.

ಒಂದು ದಿನ ಹಿಂದಿನ ಬೀದಿಯಲ್ಲಿ ಪರವಾನಗಿ ಪಡೆದ ಶಿಶುಪಾಲನಾ ಮನೆ ಎಂಬ ಬೋರ್ಡು ಕಂಡಿತು. ಮನೆಗೆ ಪರವಾನಗಿ ಬಂದರೆ ಮನೆ ಕೆಲಸದ ಜಾಗವಾಗುತ್ತದೆ. ಕೆಲಸದ ಜಾಗದಲ್ಲಿ ಇರುವವಳಿಗೆ ಮನೇಲೇ ಇದೀಯಲ್ಲ ಎನ್ನಲು ಬರುವುದಿಲ್ಲ. ಅವಳು ಅಲ್ಲೇ, ರಸ್ತೆಯ ನಡುವೆ, ಗೆದ್ದವಳ ಹಾಗೆ ನಿಂತುಬಿಟ್ಟಳು. ಮಕ್ಕಳ ಬಗ್ಗೆ ಅವಳು ಯೋಚಿಸಿದ್ದು ಮನೆಗೆ ಬಂದು ಮುಖ ತೊಳೆದ ಮೇಲೆ.

ಈಗ ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಅಂಟಿತ್ತು. ಬೀರು ಗೋಡೆಗೆ ಬಿಗಿದಿತ್ತು. ಔಷಧಿಯ ಡಬ್ಬಿಗೆ ಬೀಗ. ಅಡುಗೆಮನೆಯ ಬಾಗಿಲಿಗೆ ಸೊಂಟದೆತ್ತರದ ಗೇಟು. ಅದರ ಚಿಲಕವನ್ನು ಒಮ್ಮೆ ಕೆಳಗೆ ಒತ್ತಿ, ಒತ್ತಿಕೊಂಡೇ ಮೇಲಕ್ಕೆತ್ತಬೇಕು. ಗಂಡನಿಗೆ ಅದು ಒಂದು ದಿನವೂ ಬಂದಿರಲಿಲ್ಲ. ಕಚೇರಿಯಲ್ಲಿ ಅವನು ಒಳಗೆ ಕಾಲಿಟ್ಟರೆ ಜನ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ನೀರು ಕುಡಿಯಲು ಅವನು ಪಂಚೆ ಎತ್ತಿಕಟ್ಟಿ ಗೇಟು ಹಾರುತ್ತಿದ್ದ.

ಅಧಿಕಾರಿ ಗೇಟನ್ನು ಒತ್ತಿ, ಎತ್ತಿ, ಅಲುಗಿಸಿ ನೋಡಿದರು. ಆಕೆಯ ಪ್ಯಾಂಟಿನ ಮೊಣಕಾಲು ಎರಡೂ ಸವೆದು ಬಣ್ಣ ಹೋಗಿತ್ತು.

“ಮಕ್ಕಳಂದ್ರೆ ಇಷ್ಟಾನಾ ಮೇಡಂ?” ಎಂದರು ಚಿಲಕ ನೋಡುತ್ತಲೇ.

ಇದಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಮಗಳನ್ನು ಅವಳು ಪರೀಕ್ಷೆಗೆ ಓದಿದ ಹಾಗೆ ಬೆಳೆಸಿದ್ದಳು, ತಪ್ಪಿಲ್ಲದೆ. ಆ ಮಗಳು ಈಗ ಕಾಲೇಜಿನ ಮೆಟ್ಟಿಲು ಹತ್ತಿ, ಸದಾ ಕಿವಿಗೆ ವೈರು ಸಿಕ್ಕಿಸಿಕೊಂಡು, ಮನೆಯೊಳಗೆ ಬಾಡಿಗೆಯವಳಂತೆ ಓಡಾಡುತ್ತಿದ್ದಳು.

“ಮಕ್ಕಳು ಹೇಳಿದ ಮಾತು ಕೇಳ್ತವೆ,” ಎಂದಳು ಅವಳು.

ಅಧಿಕಾರಿ ತಲೆಯೆತ್ತಿದರು. “ಎಲ್ಲ ಮಕ್ಕಳೂ ಅಲ್ಲ,” ಎಂದು ಚೀಲದಿಂದ ಸೀಟಿ ತೆಗೆದರು. “ಸರಿ. ಇನ್ನು ಬೆಂಕಿ ಡ್ರಿಲ್ ಒಂದು ಆಗಬೇಕು. ಮಕ್ಕಳನ್ನ ಕರೀರಿ.”

“ಮಕ್ಕಳು ಎಲ್ಲಿದಾರೆ? ಪರವಾನಗಿ ಇಲ್ಲದೆ ಸೇರಿಸ್ಕೊಳ್ಳೋ ಹಾಗಿಲ್ಲ ಅಂದಿದ್ರಲ್ಲ.”

“ಹೌದು, ಸೇರಿಸ್ಕೊಳ್ಳೋ ಹಾಗಿಲ್ಲ.”

“ಮತ್ತೆ ಡ್ರಿಲ್?”

“ಡ್ರಿಲ್ ಆಗದೆ ಪರವಾನಗಿ ಇಲ್ಲ.”

ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿತ್ತು. ಅವಳಿಗೆ ಆ ಹೊತ್ತಿಗೆ ನೆನಪಾಗಲಿಲ್ಲ.

“ಮನೆಯವರೇ ಮಕ್ಕಳಾಗಲಿ ಬಿಡಿ,” ಎಂದರು ಅಧಿಕಾರಿ, ಇದೆಲ್ಲ ದಿನಾ ಇರುವುದೇ ಎಂಬಂತೆ. “ಅದಕ್ಕೇ ರಜಾ ದಿನ ಎಲ್ಲರೂ ಇರಲಿ ಅಂದದ್ದು. ಸಾರ್, ನಿಮಗೆ ಮೂರು ವರ್ಷ. ಅಜ್ಜಿ, ನಿಮಗೆ ನಾಲ್ಕು. ನೀವು, ಅಜ್ಜಿ ಪಕ್ಕ ಕೂತಿರೋರು, ಎರಡು. ಆ ಹುಡುಗಿಗೆ ಐದು. ಈ ದಿಂಬು ಕೂಸು.”

ಗಂಡ ಪೇಪರು ಮಡಚಿದ. “ಮೂರಾ?”

“ಮಾತು ಬರುತ್ತೆ ಅಂತ ಮೂರು ಕೊಟ್ಟಿದೀನಿ.”

ಕೆಲಸ ಹುಡುಕುತ್ತಲೇ ತಲೆ ನರೆಯುತ್ತಿದ್ದ ಮೈದುನನಿಗೆ ಖುಷಿಯೋ ಖುಷಿ. ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡ. ಅತ್ತೆ ಮೂಗು ಮುರಿದರು. “ನಾಲ್ಕು ಹೆತ್ತು ಸಾಕಿದೀನಿ. ಯಾರ ಪರವಾನಗಿಯೂ ಕೇಳಿರಲಿಲ್ಲ ನಾನು.”

ಅವಳು ಹಗ್ಗ ತಂದಳು. ದಪ್ಪನೆಯ ನೂಲಿನ ಹಗ್ಗ. ಮಗುವಿಗೊಂದರಂತೆ ಬಣ್ಣದ ಬಟ್ಟೆಯ ಕುಣಿಕೆಗಳನ್ನು ಅವಳೇ ಕೂತು ಹೊಲಿದಿದ್ದಳು. ಮುಂದಿನ ತುದಿಯನ್ನು ಅವಳು ಹಿಡಿಯಬೇಕು. ಒಂದೊಂದು ಕುಣಿಕೆ ಒಬ್ಬೊಬ್ಬರು. ಎಲ್ಲರೂ ಹೊರಗೆ ಹೋಗಿ ಎದುರಿನ ದೀಪದ ಕಂಬದ ಬಳಿ ನಿಲ್ಲಬೇಕು.

ಅಧಿಕಾರಿ ಸೀಟಿ ಊದಿದರು.

“ಬನ್ನಿ, ಎಲ್ಲರೂ ಸ್ವಲ್ಪ ಹಗ್ಗ ಹಿಡ್ಕೊಳ್ತೀರಾ? ರೀ, ಬರ್ತೀರಾ? ಅತ್ತೆ, ನಿಧಾನ,” ಎಂದಳು ಅವಳು, ಗಾಳಿಗೆ ಬರುತ್ತಿದ್ದ ವಿದ್ಯಾರ್ಥಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ.

ಮೈದುನ ಉಚ್ಚೆ ಬರ್ತಿದೆ ಎಂದು ರಾಗ ಎಳೆದ. ಅತ್ತೆ ಚಪ್ಪಲಿ ಹುಡುಕಲು ಹೋದರು. ಮಗಳಿಗೆ ಸೀಟಿಯೇ ಕೇಳಿಸಿರಲಿಲ್ಲ. ಹೇಗೋ ಎಳೆದುಕೊಂಡು, ತಳ್ಳಿಕೊಂಡು, ದಿಂಬು ಕಂಕುಳಲ್ಲಿ ಇರುಕಿಕೊಂಡು ಅವಳು ಕಂಬದ ಬಳಿ ಬಂದು ತಿರುಗಿ ನೋಡಿದರೆ ಒಂದು ಕುಣಿಕೆ ಖಾಲಿ.

ಮಲಗುವ ಕೋಣೆಯ ಬೀರುವಿಗೆ ಬೀಗ ಹಾಕಲು ಹಿಂದುಳಿದಿದ್ದ ಗಂಡ ಆಗ ಹೊರಗೆ ಬಂದ. “ಬಾಗಿಲು ಹಾರು ಹೊಡೆದು ಎಲ್ಲರೂ ಬೀದೀಲಿ ನಿಂತ್ರೆ? ಯಾರಾದ್ರೂ ನುಗ್ಗಿದ್ರೆ?”

“ಆ ಮಗು ಸತ್ತು ಹೋಯ್ತು ಮೇಡಂ,” ಎಂದರು ಅಧಿಕಾರಿ. “ಕೂಸಿನ ತಲೆಯೂ ಕೆಳಗಾಗಿದೆ.”

ಗಂಡ ನಕ್ಕ. ಜೊತೆಗೆ ಯಾರೂ ನಗಲಿಲ್ಲವೆಂದು ಗೊತ್ತಾಗಿ ನಿಲ್ಲಿಸಿದ.

“ಇನ್ನೊಂದು ಸಲ ನೋಡ್ತೀನಿ. ಅಷ್ಟೇ. ಆಗಲಿಲ್ಲ ಅಂದ್ರೆ ಮುಂದಿನ ವರ್ಷ.”

ಎಲ್ಲರೂ ಒಳಗೆ ಬಂದರು. ಗಂಡ ಹತ್ತಿರ ಬಂದು, ಸಮಾಧಾನ ಹೇಳುವವನಂತೆ ದನಿ ತಗ್ಗಿಸಿದ. “ಇದಕ್ಕೆಲ್ಲ ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ? ಈ ವರ್ಷ ಆಗದಿದ್ರೆ ಮುಂದಿನ ವರ್ಷ. ನೀನು ಹೇಗೂ ಮನೇಲೇ—”

ಅವಳು ಅವನನ್ನು ನೋಡಿದಳು. ಅವನು ಮಾತು ಅಲ್ಲಿಗೇ ಬಿಟ್ಟ. ಅವಳು ಹಗ್ಗದ ತುದಿಯನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡಳು.

“ಈ ಸಲ ಬೆಂಕಿ ಮುಂಬಾಗಿಲಲ್ಲಿ,” ಎಂದು ಅಧಿಕಾರಿ ಸೀಟಿ ಊದಿದರು.

“ಹಗ್ಗ.”

ಅದು ತನ್ನ ದನಿಯೆಂದು ಅವಳಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಕೂಗಿರಲಿಲ್ಲ. ಬೇಡಿರಲಿಲ್ಲ. ಆ ದನಿಯಲ್ಲಿ ಬೇರೊಂದು ಉತ್ತರಕ್ಕೆ ಜಾಗವೇ ಇರಲಿಲ್ಲ.

“ನೀನು, ಕೆಂಪು. ನೀನು ಹಳದಿ. ಚಪ್ಪಲಿ ಬೇಡ, ಅಲ್ಲೇ ಬಿಡು. ಕಿವಿಯಿಂದ ಅದನ್ನ ತೆಗಿ. ಹಿಂಬಾಗಿಲು. ನಡೀರಿ.”

ಕೆಂಪು ಕುಣಿಕೆ ಗಂಡನದು. ಚಪ್ಪಲಿ ಬಿಟ್ಟವರು ಅತ್ತೆ. ಏಕವಚನ ಇಬ್ಬರ ಮೇಲೂ ಬಿದ್ದಿತ್ತು. ಇಬ್ಬರೂ ಹಗ್ಗ ಹಿಡಿದರು. ಮೈದುನನ ಹೆಬ್ಬೆರಳು ತಾನಾಗಿ ಬಾಯಿಂದ ಹೊರಗೆ ಬಂತು. ಮಗಳು ವೈರು ಕಿತ್ತು ಜೇಬಿಗೆ ತುರುಕಿ, ಅಮ್ಮನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡುತ್ತ ಬಂದಳು.

ಗೇಟಿನ ಬಳಿ ಅವಳು ತಿರುಗಲಿಲ್ಲ. ಕೂಸು ಒಂದು ಕೈಯಲ್ಲಿ, ಹಗ್ಗ ಒಂದು ಕೈಯಲ್ಲಿ. “ಚಿಲಕ,” ಎಂದಳು ಅಷ್ಟೇ. ಗಂಡನ ಕೈ ಮುಂದೆ ಬಂತು. ಒತ್ತಿತು, ಎತ್ತಿತು. ಗೇಟು ತೆರೆಯಿತು.

ಅಡುಗೆಮನೆ, ಹಿಂಬಾಗಿಲು, ಪಕ್ಕದ ಓಣಿ, ಬೀದಿ. ಹೆಜ್ಜೆಗೆ ಹೆಜ್ಜೆ. ಅವಳ ಮೈಯಲ್ಲಿ ರಕ್ತ ಹಾಡುತ್ತಿತ್ತು. ಇಷ್ಟು ವರ್ಷ ಈ ಮನೆಯನ್ನು ಒಂದು ದಿಕ್ಕಿಗೆ ನಡೆಸಲು ಅವಳಿಂದ ಆಗಿರಲಿಲ್ಲ. ಈಗ ಇಡೀ ಮನೆ ಅವಳ ಅಂಗೈಯ ಹಿಂದೆ ಬರುತ್ತಿತ್ತು. ಬೆಂಕಿ ನಿಜವಾಗಿದ್ದರೂ ಒಬ್ಬರಿಗೂ ಬಿಸಿ ತಾಗುತ್ತಿರಲಿಲ್ಲ. ಅವಳಿಗೆ ಸಂತೋಷವಾಗಿತ್ತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಬೇಕಿರಲಿಲ್ಲ.

ಕಂಬದ ಬಳಿ ಅಧಿಕಾರಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಗಂಡ ತಲೆ ಬಗ್ಗಿಸಿ ಕೊಟ್ಟ.

“ಎಲ್ಲರೂ ಇದಾರೆ,” ಎಂದರು. “ಕೂಸಿನ ತಲೆಯೂ ಮೇಲಿದೆ. ಬನ್ನಿ ಮೇಡಂ, ಸಹಿ ಮಾಡೋಣ.”

ಅವಳು ಕೈಯಲ್ಲಿದ್ದ ತುದಿಯನ್ನು ಕೆಳಗಿಟ್ಟಳು. “ನಾನು ಹೇಳೋವರೆಗೂ ಯಾರೂ ಹಗ್ಗ ಬಿಡೋ ಹಾಗಿಲ್ಲ,” ಎಂದಳು. ಯಾರೂ ಬಿಡಲಿಲ್ಲ.

ಒಳಗೆ ಅಧಿಕಾರಿ ಪರವಾನಗಿಗೆ ಸಹಿ ಹಾಕಿ, ಮೊಹರು ಒತ್ತಿ, ಎರಡು ಕೈಯಿಂದ ಕೊಟ್ಟರು. ಸಂಚಾಲಕಿ ಎಂಬ ಕಡೆ ಅವಳ ಹೆಸರು ಪೂರ್ತಿಯಾಗಿ ಅಚ್ಚಾಗಿತ್ತು, ಡಾಕ್ಟರ್ ಸಮೇತ. “ಇಷ್ಟು ಚೆನ್ನಾಗಿ ಡ್ರಿಲ್ ಮಾಡಿಸಿದೋರು ಕಡಿಮೆ. ಸುಮ್ನೆ ಹೇಳ್ತಿಲ್ಲ,” ಎಂದರು. ಮೊಣಕಾಲು ಉಜ್ಜಿಕೊಳ್ಳುತ್ತ ಎದ್ದು, ಮುಂಬಾಗಿಲಿನಿಂದ ಹೊರಟು ಸ್ಕೂಟರು ಹತ್ತಿದರು. ಕಂಬದ ಕಡೆ ತಿರುಗಿ ನೋಡಲಿಲ್ಲ.

ಅವಳು ಬಾಗಿಲು ಹಾಕಿದಳು. ಪರವಾನಗಿಯನ್ನು, ಮೊದಲೇ ಹೊಡೆದಿಟ್ಟ ಮೊಳೆಗೆ ನೇತು ಹಾಕಿದಳು. ವಾರೆಯಾಗಿತ್ತು, ಸರಿ ಮಾಡಿದಳು. ದೂರ ನಿಂತು ನೋಡಿದಳು, ಹತ್ತಿರ ಬಂದು ಓದಿದಳು. ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಮನೆ ಖಾಲಿಯಾಗಿತ್ತು. ಇಷ್ಟು ವರ್ಷದಲ್ಲಿ ಈ ಮನೆ ಇಷ್ಟು ಖಾಲಿಯಾಗಿದ್ದನ್ನು ಅವಳು ಕಂಡಿರಲಿಲ್ಲ. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಈಗ ತಾನು ಮನೆಯಲ್ಲಿಲ್ಲ, ಕೆಲಸದಲ್ಲಿದ್ದೇನೆ ಎಂದುಕೊಂಡಳು. ಮಕ್ಕಳಿಗೆಂದು ತಂದ ಪುಟ್ಟ ಕುರ್ಚಿಯ ಮೇಲೆ ಕೂತಳು. ಮೊಣಕಾಲು ಗಲ್ಲದವರೆಗೆ ಬಂತು. ದಿಂಬು ಇನ್ನೂ ಅವಳ ತೋಳಿನಲ್ಲೇ ಇತ್ತು.

ಆ ಎತ್ತರದಿಂದ ಮನೆ ಬೇರೆಯದೇ ಆಗಿ ಕಂಡಿತು. ಮೇಜಿನ ಅಡಿಭಾಗ. ಸ್ಪಂಜು ಅಂಟಿಸಿದ ಮೂಲೆಗಳು. ಕೆಳಗಿನಿಂದ ಮೇಲಕ್ಕೆ ನೋಡಿದರೆ ಗೇಟಿನ ಚಿಲಕ ಕಾಣುತ್ತಲೇ ಇರಲಿಲ್ಲ. ಹೊರಗಿನ ಸದ್ದಿಗೆ ಕಿವಿ ಕೊಟ್ಟಳು. ಯಾವ ಸದ್ದೂ ಇರಲಿಲ್ಲ. ಅವಳು ಮೊಣಕಾಲೂರಿ ಕಿಟಕಿಯವರೆಗೆ ಹೋಗಿ, ಅಂಚಿನ ಮೇಲೆ ಕಣ್ಣು ಬರುವಷ್ಟು ಮಾತ್ರ ಎದ್ದಳು.

ಅವರು ಅಲ್ಲೇ ಇದ್ದರು. ದೀಪದ ಕಂಬದ ಬಳಿ, ಸಾಲಾಗಿ, ಕೆಂಪು, ಹಳದಿ, ನೀಲಿ, ಹಸಿರು. ಬರಿಗಾಲಿನ ಅತ್ತೆ ಒಂದು ಪಾದ ಎತ್ತಿ ಇನ್ನೊಂದರ ಮೇಲಿಟ್ಟುಕೊಂಡಿದ್ದರು. ದಾರಿಹೋಕನೊಬ್ಬ ಏನೋ ಕೇಳಿದ. ಗಂಡ ಕುಣಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಮೈದುನ ತಮಾಷೆ ಮಾಡುತ್ತಿರಲಿಲ್ಲ. ನಾಲ್ವರ ಕಣ್ಣೂ ಮುಚ್ಚಿದ ಬಾಗಿಲ ಮೇಲಿತ್ತು. ಅವರ ಮುಂದೆ, ಡಾಂಬರಿನ ಮೇಲೆ, ಹಗ್ಗದ ಮುಂದಿನ ತುದಿ ಯಾರೂ ಹಿಡಿಯದೆ ಬಿದ್ದಿತ್ತು.

ಬಿಡಿ ಎನ್ನಬೇಕು. ಒಂದು ಮಾತು. ಅವಳು ಬಾಯಿ ತೆರೆದಳು. ಬಿಟ್ಟರೆ ಅವರು ಒಳಗೆ ಬರುತ್ತಾರೆ. ಬಂದು ಏನು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳು ಬಾಯಿ ಮುಚ್ಚಿ, ದಿಂಬಿನ ತಲೆಯನ್ನು ಮೇಲೆ ಮಾಡಿಕೊಂಡಳು.

ಕಿಟಕಿಯಲ್ಲಿ ಏನೋ ಅಲುಗಿದ್ದನ್ನು ಮಗಳು ಕಂಡಿರಬೇಕು. ಸಾಲು ಒಂದು ಹೆಜ್ಜೆ ಮುಂದೆ ಬಂದು, ಅಪ್ಪಣೆಯಿಲ್ಲದ್ದು ನೆನಪಾಗಿ, ನಿಂತಿತು. ನೆಲದ ಮೇಲಿನ ತುದಿ ಸ್ವಲ್ಪ ಸರಿದು, ಮನೆಯ ಕಡೆ ತಿರುಗಿ ಸುಮ್ಮನಾಯಿತು.