ಎಡಕ್ಕಿದ್ದ ಬೋಲ್ಟು

ಉಮರ್ ಎಸೆದ ಹಿಡಿ ಮರಳಿನಲ್ಲಿ ಅರ್ಧ, ಕೊನ್ರಾಡನ ಶವಪೆಟ್ಟಿಗೆಯ ಮೇಲೆ ಬೀಳುವ ಮೊದಲೇ ಗಾಳಿಗೆ ಹಾರಿಹೋಯಿತು. ಇನ್ನೊಂದು ಹಿಡಿ ಹಾಕೋಣವೆಂದರೆ ಹಿಂದೆ ಜನ ಕಾಯುತ್ತಿದ್ದರು. ಪಕ್ಕಕ್ಕೆ ಸರಿದ, ಕಣ್ಣು ಮತ್ತೆ ಗೇಟಿನತ್ತ ಓಡಿತು. ಅಲ್ಲಿ ಕೊನ್ರಾಡನ ಕಫೀಲ್, ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಅರಬ್ಬಿ ಧಣಿ ಅಬೂ ಖಾಲಿದ್, ಕಾರಿಗೊರಗಿ ನಿಂತಿದ್ದ. ಗೆಳೆಯನನ್ನು ಮಣ್ಣು ಮಾಡುವಾಗಲೂ ಮನಸ್ಸು ಒಂದು ಕಡೆ ನಿಲ್ಲದಲ್ಲ ಎಂದು ಉಮರನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕೊನ್ರಾಡನ ಹೆಂಡತಿ ಅಪೊಲೋನಿಯಾ ಹತ್ತಿರ ಬಂದಳು. ಕರಾವಳಿಯ ಮುಸ್ಲಿಮನಾದ ಉಮರ್ ಅವಳಿಗೂ ಗಂಡನಿಗೂ ಬ್ಯಾರಿಗಳೇ.

"ಬ್ಯಾರಿಗಳೇ, ಧಣಿಯ ಕೋವಿ ಬಂತಾ? ಆಸ್ಪತ್ರೆಯಲ್ಲೂ ಅದನ್ನೇ ಕೇಳ್ತಿದ್ರು ಇವರು."

"ನಿನ್ನೆ ಬಂತು ಬಾಯಿ."

"ಚಂದ ಉಂಟಾ?"

"ಚಂದ ಉಂಟು."

"ಹಾಗಾದ್ರೆ ಧಣಿಗೆ ಖುಷಿ ಆದೀತು. ಮಗಳ ಪರೀಕ್ಷೆ ಮುಗಿಯುವವರೆಗೆ ನಮ್ಮ ವಾಸದ ಇಕಾಮಾ ರದ್ದು ಮಾಡುದಿಲ್ಲ, ಇಲ್ಲೇ ಇರಿ ಅಂತ ಹೇಳಿದ್ದಾರೆ. ಬರೀ ಬಾಯಿಮಾತು. ಆ ಮಾತೊಂದು ಉಳಿದ್ರೆ ಸಾಕಿತ್ತು."

ಅಷ್ಟರಲ್ಲಿ ಅಬೂ ಖಾಲಿದ್ ಕೈಬೀಸಿ ಕರೆದ.

"ಯಲ್ಲಾ ಉಮರ್, ಅಂಗಡಿಗೆ ಹೋಗೋಣ. ಅವನು ಆರಿಸಿದ್ದನ್ನು ಇವತ್ತೇ ನೋಡಬೇಕು."

*

ರಾಯ್‌ ಬಡಾವಣೆಯಲ್ಲಿದ್ದ ಅಬೂ ಖಾಲಿದನ ಶೋರೂಮಿಗೆ ಕೊನ್ರಾಡ್ ಸ್ಟೋರ್‌ಕೀಪರ್. ಊರಲ್ಲಿ ಬೇಟೆಯಾಡಿದವನೆಂದು ತಿಳಿದದ್ದೇ, ಧಣಿ ತನಗೊಂದು ರೈಫಲ್ ಮಾಡಿಸುವ ಕೆಲಸವನ್ನು ಅವನಿಗೇ ಒಪ್ಪಿಸಿಬಿಟ್ಟ. ಯಾವ ಪ್ರಾಣಿಯ ಬೇಟೆ ಎಂದು ಧಣಿ ಕೇಳಲಿಲ್ಲ; ಹಂದಿಯದೆಂದು ಇವನೂ ಹೇಳಲಿಲ್ಲ.

ಅಲ್ಲಿಂದ ಶುಕ್ರವಾರದ ಸಂಜೆಗಳೆಲ್ಲ ಮಿರ್ಕಾಬ್ ಪೇಟೆಯಲ್ಲಿ, ಉಮರ್ ಕೆಲಸಕ್ಕಿದ್ದ ಬೇಟೆ ಸಾಮಾನಿನ ಅಂಗಡಿಯಲ್ಲೇ ಕಳೆದವು. ನಳಿಗೆ ಎಷ್ಟುದ್ದ, ಮರ ಯಾವುದು, ದುರ್ಬೀನು ಯಾವ ದೇಶದ್ದು, ಹೆಗಲಪಟ್ಟಿ ಕಪ್ಪೋ ಕಂದೋ. ಮದುವೆ ಸೀರೆ ಆರಿಸುವವರೂ ಇಷ್ಟು ಸತಾಯಿಸುವುದಿಲ್ಲ. ಭುಜಕ್ಕೆ ಆನಿಸುವ ಮರದ ಅಳತೆಯನ್ನು ಉಮರ್ ಕೇಳಿದಾಗ ಕೊನ್ರಾಡ್ ತನ್ನ ಗಿಡ್ಡ ಕೈಯನ್ನೇ ಮಡಚಿ ತೋರಿಸಿದ.

ಆರ್ಡರ್ ಹಾಳೆಯಲ್ಲಿ ಕೊನೆಗೆ ಉಳಿದದ್ದು ಬೋಲ್ಟು. ತೋಟೆ ತುಂಬಲು ಎಳೆಯುವ ಆ ಹಿಡಿ ಸಾಮಾನ್ಯವಾಗಿ ಬಲಕ್ಕೇ ಇರುತ್ತದೆ.

"ಎಡಕ್ಕೆ ಹಾಕ್ಲಿಕ್ಕೆ ಬರೀರಿ," ಎಂದ ಕೊನ್ರಾಡ್.

"ಎಂತ ಮಾರಾಯ್ರೇ? ಎಡಗೈಯವರು ನೀವು, ಧಣಿ ಅಲ್ಲ."

ಕೊನ್ರಾಡ್ ಕ್ಯಾಟಲಾಗಿನ ಚಿತ್ರ ಸವರಿದ. "ಇಷ್ಟು ವರ್ಷ ಬೇರೆಯವರ ಬಲಗೈ ಕೋವಿಯನ್ನೇ ಹಿಡ್ದದ್ದು, ಬ್ಯಾರಿಗಳೇ. ಇಲ್ಲಿ ನನಗೆ ಲೈಸೆನ್ಸ್ ಸಿಗ್ಲಿಕ್ಕಿಲ್ಲ, ಗೊತ್ತುಂಟು. ನನ್ನ ಕೈಗೆ ಸರಿಯಾದ್ದು ಒಂದಾದ್ರೂ ಎಲ್ಲಿಯಾದ್ರೂ ಇರ್ಲಿ. ಬಂದ ದಿನ ಒಮ್ಮೆ ಭುಜಕ್ಕಿಟ್ಟು ನೋಡ್ತೇನೆ. ಬೈಗುಳ ನಾನು ತಿಂತೇನೆ."

ಆಗದು ಎನ್ನಬೇಕಿತ್ತು. ಆದರೆ ಧಣಿಯ ಮನೆಯಲ್ಲಿ ಗಂಡಸರು ಸೇರುವ ದಿವಾನಿಯಾದಲ್ಲಿ ಎಲ್ಲರೂ ಒಂದೇ ಹರಿವಾಣದ ಸುತ್ತ ಊಟಕ್ಕೆ ಕೂತಾಗ, ಮರೆತು ಎಡಗೈ ಅನ್ನಕ್ಕೆ ಹೋದೀತೆಂದು ಕೊನ್ರಾಡ್ ಅದನ್ನು ತೊಡೆಯಡಿ ಒತ್ತಿಟ್ಟುಕೊಳ್ಳುವುದನ್ನು ಉಮರ್ ಎಷ್ಟೋ ಸಲ ಕಂಡಿದ್ದ. ಎಡ ಎಂದೇ ಬರೆದ.

*

ಸ್ಮಶಾನದಿಂದ ಅಂಗಡಿಗೆ ಬಂದದ್ದೇ, ಅಬೂ ಖಾಲಿದ್ ರೈಫಲನ್ನು ಬಲಭುಜಕ್ಕೆ ಏರಿಸಿದ. ಬಲಗೈ ಬೋಲ್ಟಿಗಾಗಿ ತಡಕಾಡಿತು. ಅಲ್ಲೇನೂ ಇರಲಿಲ್ಲ.

"ಎಡಕ್ಕೆ ಹಾಕಲು ಯಾರು ಹೇಳಿದ್ದು?" ಎಂದು ಅರಬ್ಬಿಯಲ್ಲಿ ಕೇಳಿದ.

ನಿಜ ಉಮರನ ನಾಲಗೆಯ ತುದಿಯಲ್ಲೇ ಇತ್ತು. ಸತ್ತವನಿಗೆ ಯಾವ ಬೈಗುಳವೂ ತಾಗದು. ಆದರೆ ಬಾಯಿಮಾತೊಂದನ್ನೇ ನಂಬಿ ಕೂತ ಅಪೊಲೋನಿಯಾ? ಇನ್ನು ತನ್ನ ಕೆಲಸ ಖಲಾಸ್ ಎಂದುಕೊಂಡ.

"ನನ್ನ ತಪ್ಪು. ಕೊನ್ರಾಡ್ ಸರಿಯಾಗಿಯೇ ಹೇಳಿದ್ದ."

ಅಬೂ ಖಾಲಿದ್ ರೈಫಲನ್ನು ಎಡಭುಜಕ್ಕೆ ಬದಲಿಸಿದ. ಅವನ ಉದ್ದ ಕೈಗೆ ಮರ ಗಿಡ್ಡವಾಯಿತು. ದುರ್ಬೀನು ಹುಬ್ಬಿಗೆ ಬಡಿಯಿತು. ಇಳಿಸಿ, ನುಣುಪಾದ ಮರವನ್ನು ಬಹಳ ಹೊತ್ತು ನೋಡಿದ.

"ಮರದ ಅಳತೆಯೂ ನಿನ್ನ ತಪ್ಪೇ?"



ಅಬೂ ಖಾಲಿದ್ ಬೆಂಚಿನ ಮೇಲೆ ಕೂತು ರೈಫಲನ್ನು ಮಡಿಲಲ್ಲಿಟ್ಟುಕೊಂಡ. ಬಲಗೈಯನ್ನು ತೊಡೆಯಡಿ ಒತ್ತಿಟ್ಟುಕೊಂಡ. ಆಮೇಲೆ ಎಡಗೈ ಚಾಚಿ, ಅಭ್ಯಾಸವಿಲ್ಲದ ಬೆರಳುಗಳಿಂದ ಮೆಲ್ಲಗೆ ಬೋಲ್ಟನ್ನು ಎಳೆದ.