ಒಂದು ಬುಟ್ಟಿ ಉಸುಕು

ಬಾಲರಾಜ ಎತ್ತಿ ಹಾಕಿದ ಗುದ್ದಲಿ ಕಲ್ಲಿಗೆ ಬಡಿದು ಚಿಮ್ಮಿತು. ಅಪ್ಪನನ್ನು ಹುಗಿಯುವ ಕುಣಿ ಇನ್ನೂ ಮೊಣಕಾಲಾಳವೂ ಆಗಿರಲಿಲ್ಲ.

"ಹೊಳಿ ದಂಡ್ಯಾಗ ಹುಗಿಯೋದು ನಮ್ಮ ಪದ್ಧತಿ. ಈ ಗರಸುಗಲ್ಲಿನ ದಿಬ್ಬಕ್ಕ ಯಾಕ ತಂದ್ರಿ?" ಸುರಪುರದಿಂದ ಆಗಷ್ಟೇ ಬಂದಿಳಿದ, ಸತ್ತವನ ತಂಗಿ ಭಾರತಿ ಕೇಳಿದಳು.

"ದಂಡಿ ಎಲ್ಲೈತವ್ವ?" ಎಂದ ನೆರೆಮನೆಯ ಫಕೀರಸಾಬ. "ಉಸುಕು ತಗದು ತಗದು, ಹೋದ ಮಳಿಗಾಲದಾಗ ಕುಸೀತು. ನಿಮ್ಮಪ್ಪನ ಸಮಾಧೀನೂ ಹೊಳಿ ಪಾಲಾತು."

ಹಣಮಂತಮ್ಮ ಹೆಣದ ತಲೆಯ ಬಳಿ ಕುಳಿತಿದ್ದಳು. ಗಂಡನ ಕಿವಿಯೊಳಗೆ ಇನ್ನೂ ಕೆಸರಿತ್ತು. ಸೆರಗಿನ ತುದಿಯಿಂದ ಅದನ್ನೇ ಒರೆಸುತ್ತಿದ್ದಳು.

*

ಹಣಮಂತಮ್ಮನ ಗಂಡ ಮರಿಲಿಂಗಪ್ಪ ಬೇಸಿಗೆಯಲ್ಲಿ ಕೃಷ್ಣೆಯ ಉಸುಕಿನಲ್ಲೇ ಕಲ್ಲಂಗಡಿ ಬೆಳೆದವನು, ಮಳೆಗಾಲದಲ್ಲಿ ಬಲೆ ಹಾಕಿದವನು. ಉಸುಕಿನ ಠೇಕೇದಾರನ ಯಂತ್ರಗಳು ಹೊಳೆಗಿಳಿದ ಮೇಲೆ ಬಳ್ಳಿಗೆ ನೆಲವಿಲ್ಲ, ಮೀನಿಗೆ ಮಡುವಿಲ್ಲ. ಮಗ ಬಾಲರಾಜ ಅದೇ ಯಂತ್ರಕ್ಕೆ ಡ್ರೈವರನಾದ ದಿನ ಅವನು ಉಣ್ಣಲಿಲ್ಲ.

"ಅವ ತಂದ ಜ್ವಾಳ ಐತಿ, ಉಣ್ರಿ," ಎಂದಿದ್ದಳು ಹಣಮಂತಮ್ಮ ಮರುದಿನ.

"ಉಣ್ತೀನಿ ತಾ. ಹೊಟ್ಟಿಗೆ ಎಲ್ಲಿ ಮಾನ?" ಎಂದು ಗಂಗಾಳ ಎಳೆದುಕೊಂಡಿದ್ದ.

ನಿನ್ನೆ ಎಂದಿನಂತೆ ಎಮ್ಮೆ ಹೊಡೆದುಕೊಂಡು ಹೊಳೆ ದಾಟಲು ಹೋದ. ಯಂತ್ರ ತೋಡಿದ ಗುಂಡಿಯನ್ನು ರಾಡಿ ನೀರು ಮುಚ್ಚಿತ್ತು. ಅಂಚು ಕುಸಿದು ಮಣ್ಣೆಲ್ಲ ಅವನ ಮೇಲೇ ಬಿತ್ತು. ಈಜು ಬಲ್ಲವನಿಗೂ ಏಳಲಾಗಲಿಲ್ಲ. ಎಮ್ಮೆಯೊಂದೇ ಮನೆಗೆ ಬಂತು.

*

ಠೇಕೇದಾರನ ಮುನಶಿ ಬೈಕಿನಲ್ಲಿ ಬಂದ. "ಬಾಲ್ಯಾ, ಮಷೀನ್ ಕಳಸ್ಲೇನು? ಚಣದಾಗ ಕುಣಿ ಆಗ್ತೈತಿ."

ಬಾಲರಾಜ ತಾಯಿಯ ಮುಖ ನೋಡಿದ.

"ಒಮ್ಮಿ ತೋಡೈತಲ್ರಿ ಅದು, ಇವರ ಸಲುವಾಗಿ," ಎಂದಳು ಹಣಮಂತಮ್ಮ. "ಸಾಕು."

ಮುನಶಿ ಬೈಕು ತಿರುಗಿಸಿದ. ಬಾಲರಾಜ ತಲೆ ಎತ್ತದೆ ಅಗೆದ. ಆ ಗುಂಡಿ ಯಾರು ತೋಡಿದ್ದೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕುಣಿ ಮುಗಿದಾಗ ಹಣಮಂತಮ್ಮ ಒಳಗಿಳಿದು ತಳ ಸವರಿದಳು. "ಭಾಳ ಚುಚ್ಚತೈತಿ. ಮೈ ಕೆಳಗ ನಮ್ಮ ಹೊಳಿ ಉಸುಕು ಬೇಕು."

ಹೊಳೆಗೆ ಹೋದ ಫಕೀರಸಾಬ, ಅಲ್ಲಿನ ಉಸುಕೆಲ್ಲ ಬಳಿದು ಹೋಗಿದ್ದರಿಂದ, ಬರೀ ಕಪ್ಪು ಕೆಸರು ತಂದ. ಬಾಲರಾಜ ರಸ್ತೆಗೆ ಓಡಿ, ಹೊಳೆಯ ಮೇಲ್ಗಡೆಯಿಂದ ಉಸುಕು ಹೇರಿಕೊಂಡು ಬರುತ್ತಿದ್ದ ಟಿಪ್ಪರಿಗೆ ಅಡ್ಡ ನಿಂತ. ಗುರುತಿನ ಡ್ರೈವರ್ ಅವನ ಹೆಗಲ ಮೇಲಿನ ಸೂತಕದ ಟವೆಲ್ ಕಂಡು, ತಾಡಪತ್ರಿ ಸರಿಸಿ ಒಂದು ಬುಟ್ಟಿ ತುಂಬಿಕೊಟ್ಟ.

"ಎಲ್ಲಿಗ್ ಹೊಂಟಿತ್ತಪ್ಪ ಇದು?" ಮಗನಿಂದ ಬುಟ್ಟಿ ಇಸಿದುಕೊಳ್ಳುತ್ತ ಹಣಮಂತಮ್ಮ ಕೇಳಿದಳು.

"ಹೈದರಾಬಾದಕ್ಕ, ಯವ್ವಾ."

ಅವಳು ಕುಣಿಯೊಳಗೆ ತಲೆಯ ಕಡೆಯಿಂದ ಉಸುಕು ಹಾಸುತ್ತ ಬಂದಳು. ಎಷ್ಟು ತೆಳ್ಳಗೆ ಹರವಿದರೂ ಅದು ಸೊಂಟದ ತನಕವೇ ಬಂತು. ಮರಿಲಿಂಗಪ್ಪನನ್ನು ಇಳಿಸಿದಾಗ ಕಾಲುಗಳು ಗರಸಿನ ಮೇಲೇ ಉಳಿದವು.